‘ಬ್ಲಡಿ’ ಪದದ ಕುಲಗೋತ್ರ

ನನ್ನ ತಂದೆ ಚಿಕ್ಕಮಗಳೂರು ಸೀಮೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ರೈಟರ್ ಎಂದೊಡನೆ ಕತೆ ಕಾದಂಬರಿ ಬರೆಯುವವರೆಂದು ತಿಳಿಯಬೇಡಿ. ಆಳುಗಳ ಹಾಜರಿ, ವಾರದ ಬಟವಾಡೆ, ಗೊಬ್ಬರದ ಮೂಟೆಗಳ ಲೆಕ್ಕ ಬರೆಯುವವರು. ಅವರು ಕನ್ನಡದಲ್ಲಿ ಯಾರಿಗಾದರೂ ಬೈದದ್ದನ್ನು ನಾನು ಕೇಳಿಯೇ ಇಲ್ಲ. ಸಂಜೆ ನಾನು ಹದಿಮೂರರ ಮಗ್ಗಿಯಲ್ಲಿ ಎಡವಿದಾಗ ಮಾತ್ರ ‘ಬ್ಲಡಿ ಫೂಲ್’ ಎನ್ನುತ್ತಿದ್ದರು. ಅದು ತೋಟದ ಬಂಗಲೆಯಿಂದ ಅವರ ಜೊತೆಯಲ್ಲೇ ಮನೆಗೆ ಬಂದ ಮಾತು. ಒಂದು ದಿನ ಒಲೆಯ ಮುಂದೆ ಕುಳಿತಿದ್ದ ಅಜ್ಜಿ, “ಅದೇನೋ ಅದು, ಮಗುವಿಗೆ ದಿನಾ ಹೇಳುತ್ತೀಯಲ್ಲ?” ಎಂದು ಕೇಳಿದರು. ತಂದೆ ತಡವರಿಸಿ, “ರಕ್ತದ ದಡ್ಡ ಅಂತ, ಅಮ್ಮ” ಎಂದರು. ಅಜ್ಜಿ ತಲೆ ಎತ್ತದೆ, “ರಕ್ತ ಯಾರದು? ನಿನ್ನದೇ ತಾನೆ” ಎಂದರು. ಆಮೇಲೆ ಎಷ್ಟೋ ದಿನ ನಮ್ಮ ಮನೆಯಲ್ಲಿ ಆ ಪದ ಕೇಳಿಸಲಿಲ್ಲ.

ಇಂದಿನ ಮಾತು ಆ ಪದದ ಬಗ್ಗೆಯೇ. ಸಭೆಯಲ್ಲಿ ಹಿರಿಯರಿದ್ದಾರೆ, ಮಕ್ಕಳಿದ್ದಾರೆ, ಇದೆಂಥ ವಿಷಯ ಎಂದು ಕೆಲವರಿಗೆ ಅನಿಸಬಹುದು. ಆದರೆ ಇಂಗ್ಲಿಷಿನ ಬೈಗುಳಗಳಲ್ಲಿ ಇಷ್ಟು ಸಾಧುವಾದದ್ದು ಮತ್ತೊಂದಿಲ್ಲ. ಇಷ್ಟು ಸಾಧು ಪದಕ್ಕೆ ಒಂದು ಕಾಲದಲ್ಲಿ ಲಂಡನ್ನಿನ ಮರ್ಯಾದಸ್ಥರು ಬೆವರಿದ್ದರು ಎಂಬುದೇ ಇದರ ಸ್ವಾರಸ್ಯ.

ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು. ‘ಮ್ಯಾಕ್‌ಬೆತ್’ ನಾಟಕದ ಎರಡನೆಯ ದೃಶ್ಯ ತೆರೆದರೆ ಮೊದಲ ಮಾತೇ ರಾಜ ಡಂಕನ್ನನದು. ಎದುರಿಗೆ ಬರುವವನನ್ನು ನೋಡಿ, ‘ಯಾರು ಈ ಬ್ಲಡಿ ಮನುಷ್ಯ?’ ಎನ್ನುತ್ತಾನೆ. ತರಗತಿ ಪ್ರತಿ ವರ್ಷವೂ ಅಲ್ಲಿ ತಪ್ಪದೆ ನಗುತ್ತಿತ್ತು. ರಾಜ ಸೈನಿಕನಿಗೆ ಬೈದನೆಂದೇ ಹುಡುಗರ ಎಣಿಕೆ. ಪಾಪ, ಆ ರಾಜ ಬೈದಿರಲಿಲ್ಲ. ಯುದ್ಧದಿಂದ ಓಡಿಬಂದವನ ಮೈಯೆಲ್ಲ ರಕ್ತವಾಗಿತ್ತು, ಅದನ್ನು ಹೇಳಿದ, ಅಷ್ಟೆ. ಶೇಕ್ಸ್‌ಪಿಯರ್ ತೀರಿಕೊಂಡದ್ದು 1616ರಲ್ಲಿ. ಅಲ್ಲಿಂದ ಅರುವತ್ತು ವರ್ಷಗಳೊಳಗೆ ಈ ಪದ ರಕ್ತದ ಹಂಗು ಬಿಟ್ಟು ಬೇರೆ ದಾರಿ ಹಿಡಿದಿತ್ತು. 1676ರಲ್ಲಿ ಜಾರ್ಜ್ ಎಥರಿಜ್ ಬರೆದ ಒಂದು ಹಾಸ್ಯ ನಾಟಕದಲ್ಲಿ, ಒಬ್ಬನಿಗೆ ಅರ್ಧ ಕ್ರೌನ್ ಇನಾಮು ಕೊಡುವ ಮಾತು ಬರುತ್ತದೆ. ಪಕ್ಕದಲ್ಲಿದ್ದವನು, ಚೆನ್ನಾಗಿ ‘ಬ್ಲಡಿ’ ಕುಡಿಯುತ್ತೇನೆಂದು ಮಾತು ಕೊಟ್ಟರೆ ಮಾತ್ರ ಕೊಡು ಎನ್ನುತ್ತಾನೆ. ಅಲ್ಲಿ ರಕ್ತವಿಲ್ಲ, ಗಾಯವಿಲ್ಲ. ಬರೀ ‘ವಿಪರೀತ’ ಎಂಬ ಅರ್ಥ.

ಇದು ಹೇಗಾಯಿತು? ಕೇಳಿದವರಿಗೆಲ್ಲ ಇಂಗ್ಲೆಂಡಿನಲ್ಲಿ ಹೇಳುವ ಒಂದು ಕತೆ ಇದೆ. ‘ಬೈ ಅವರ್ ಲೇಡಿ’, ಎಂದರೆ ಏಸುವಿನ ತಾಯಿ ಮರಿಯಮ್ಮನ ಆಣೆ ಎಂಬ ಮಾತು ಸವೆದು ಸವೆದು ‘ಬ್ಲಡಿ’ ಆಯಿತಂತೆ. ನಿಮ್ಮಲ್ಲಿ ಕೆಲವರು ಇದನ್ನು ಓದಿರಬಹುದು, ನಾನೂ ಚಿಕ್ಕಂದಿನಲ್ಲಿ ಇದನ್ನೇ ನಂಬಿ ಎರಡು ಬ್ಯಾಚಿಗೆ ಪಾಠವನ್ನೂ ಮಾಡಿಬಿಟ್ಟಿದ್ದೇನೆ. ಕತೆ ಚೆನ್ನಾಗಿದೆ, ಆದರೆ ವ್ಯಾಕರಣದ ಮುಂದೆ ನಿಲ್ಲುವುದಿಲ್ಲ. ಆಣೆಯ ಮಾತು ವಾಕ್ಯದ ಹೊರಗೆ ನಿಲ್ಲುವ ಮಾತು. ನಾವು ‘ದೇವರಾಣೆ, ಬಿಸಿಲು ಜಾಸ್ತಿ’ ಎನ್ನುತ್ತೇವೆ, ‘ದೇವರಾಣೆ ಬಿಸಿಲು’ ಎನ್ನುವುದಿಲ್ಲ. ‘ಬ್ಲಡಿ’ ಮಾತ್ರ ಹುಟ್ಟಿದಾಗಿನಿಂದ ಇನ್ನೊಂದು ಪದದ ಹೆಗಲ ಮೇಲೇ ಕೈ ಹಾಕಿಕೊಂಡು ಬಂದಿದೆ.

ಇನ್ನೊಂದು ಕತೆ, ಇದು ದೇವರ ರಕ್ತದ ಮೇಲಿನ ಆಣೆ ಎಂಬುದು. ಇದಕ್ಕೆ ಸ್ವಲ್ಪ ಬಲವಿದೆ, ಏಕೆಂದರೆ ಅಂಥ ಆಣೆ ನಿಜವಾಗಿಯೂ ಚಾಲ್ತಿಯಲ್ಲಿತ್ತು. ಶೇಕ್ಸ್‌ಪಿಯರನ ಫಾಲ್‌ಸ್ಟಾಫ್ ಬಾಯಿ ತೆರೆದರೆ ‘ಸ್‌ಬ್ಲಡ್’ ಎನ್ನುತ್ತಾನೆ. ದೇವರ ರಕ್ತ ಎಂಬುದರಲ್ಲಿ ದೇವರನ್ನು ನುಂಗಿ, ಬಾಲದ ‘ಸ್’ ಒಂದನ್ನು ಉಳಿಸಿಕೊಂಡ ರೂಪ ಅದು. ದೇವರ ಗಾಯಗಳು ಎಂಬುದು ಹಾಗೆಯೇ ‘ಜೌಂಡ್ಸ್’ ಆಯಿತು. 1606ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಬಳಸಿದವರಿಗೆ ಹತ್ತು ಪೌಂಡು ದಂಡ ಎಂದು ಕಾನೂನು ಮಾಡಿತು. ಆ ಕಾಲದ ಹತ್ತು ಪೌಂಡು ಚಿಲ್ಲರೆ ಹಣವಲ್ಲ. ಹಾಗಾಗಿ 1623ರಲ್ಲಿ ಶೇಕ್ಸ್‌ಪಿಯರನ ನಾಟಕಗಳೆಲ್ಲ ಒಟ್ಟಾಗಿ ಅಚ್ಚಾದಾಗ ಫಾಲ್‌ಸ್ಟಾಫನ ಬಾಯಿ ಎಷ್ಟೋ ಕಡೆ ತೊಳೆದಿಟ್ಟಂತೆ ಶುದ್ಧವಾಗಿತ್ತು. ಆದರೆ ನಮ್ಮ ‘ಬ್ಲಡಿ’ಯನ್ನು ಮೊದಮೊದಲು ಆಡಿದವರಲ್ಲಿ ದೇವರ ನೆನಪಿನ ಸುಳಿವೇ ಇಲ್ಲ. ಅವರ ನೆನಪೆಲ್ಲ ಹೆಂಡದ ಮೇಲೆ.

ಆ ಹೆಂಡವೇ ಮೂರನೆಯ ವಿವರಣೆಯ ಬೇರು. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ದೊಡ್ಡ ಮನೆತನದ ಪುಂಡ ಹುಡುಗರನ್ನು ‘ಬ್ಲಡ್’ ಎಂದು ಕರೆಯುತ್ತಿದ್ದರು. ಕುಲೀನ ರಕ್ತದವರು ಎಂಬ ಹೆಮ್ಮೆ ಒಂದು ಕಡೆ, ಬಿಸಿ ರಕ್ತದವರು ಎಂಬ ತಾತ್ಸಾರ ಇನ್ನೊಂದು ಕಡೆ. ರಾತ್ರಿ ಕುಡಿದು ಬೀದಿಯಲ್ಲಿ ಕಾವಲುಗಾರರನ್ನು ಕೆಣಕುವುದು ಅವರ ಉದ್ಯೋಗ. ‘ಬ್ಲಡ್‌ನಂತೆ ಕುಡಿದಿದ್ದಾನೆ’ ಎಂಬುದು ‘ಬ್ಲಡಿ ಕುಡಿದಿದ್ದಾನೆ’ ಆಯಿತು ಎನ್ನುತ್ತಾರೆ. ಆಕ್ಸ್‌ಫರ್ಡ್ ನಿಘಂಟಿನ ಒಲವು ಈ ಕಡೆಗೆ. ನಾನು ಇದನ್ನು ಒಪ್ಪುತ್ತೇನೆ, ಆದರೆ ಇಷ್ಟೇ ಎಂದು ಒಪ್ಪುವುದಿಲ್ಲ. ಜರ್ಮನ್ ಭಾಷೆಯಲ್ಲಿ ತೀರ ಎಳೆಯ ವಯಸ್ಸಿನವರನ್ನು ‘ಬ್ಲೂಟ್‌ಯುಂಗ್’ ಎನ್ನುತ್ತಾರೆ, ಎಂದರೆ ‘ರಕ್ತ-ಎಳೆಯ’. ಡಚ್ಚರು ಸೆಕೆ ತಾಳಲಾರದೆ ‘ಬ್ಲುಟ್‌ಹೇಟ್’ ಎನ್ನುತ್ತಾರೆ, ‘ರಕ್ತ-ಬಿಸಿ’. ಅಲ್ಲೆಲ್ಲ ಲಂಡನ್ನಿನ ಪುಂಡರು ಇರಲಿಲ್ಲ. ರಕ್ತ ಎಂಬ ಪದವೇ ಅತಿರೇಕದ ಅಳತೆಗೋಲಾಗಬಲ್ಲದು.

ಇದಕ್ಕೆ ಯೂರೋಪಿಗೆ ಹೋಗಬೇಕಾಗಿಯೂ ಇಲ್ಲ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನಿಂದ ಬಂದವರನ್ನು ಕೇಳಿ. ‘ಅಲ್ಲಿ ರಣಬಿಸಿಲು’ ಎನ್ನುತ್ತಾರೆ. ರಣಹದ್ದು ಎಂದರೆ ರಣರಂಗದ ಹೆಣಕ್ಕೆ ಎರಗುವ ಹದ್ದು, ಅದು ಸರಿ. ರಣಹೇಡಿ ಎಂದರೆ ರಣದಿಂದ ಓಡಿದವನು, ಅದೂ ಸರಿ. ರಣಬಿಸಿಲಿನಲ್ಲಿ ಯಾವ ರಣ? ಯಾರು ಯಾರ ಮೇಲೆ ಕತ್ತಿ ಎತ್ತಿದರು? ಯುದ್ಧ ಕಳಚಿ ಬಿದ್ದು, ಅದರ ಉಗ್ರತೆ ಮಾತ್ರ ಬಿಸಿಲಿಗೆ ಅಂಟಿಕೊಂಡಿದೆ. ‘ಭಯಂಕರ ಚೆನ್ನಾಗಿದೆ’ ಎನ್ನುವಾಗ ಭಯ ಎಲ್ಲಿದೆ? ‘ಅಸಾಧ್ಯ ಸೆಕೆ’ ಎನ್ನುವಾಗ ಆ ಸೆಕೆ ಸಾಧ್ಯವಾಗಿಯೇ ನಮ್ಮನ್ನು ಬೇಯಿಸುತ್ತಿರುತ್ತದಲ್ಲ? ಇಂಗ್ಲಿಷಿನವರ ‘ಬ್ಲಡಿ’ಗೆ ನಮ್ಮ ‘ರಣ’ ದಾಯಾದಿ. ಸಂಬಂಧದಿಂದಲ್ಲ, ಸ್ವಭಾವದಿಂದ.

ಬಿಸಿಲಿನ ಮಾತು ಬಂದಿತು, ಸ್ವಿಫ್ಟ್ ನೆನಪಾದರು. ಜೊನಾಥನ್ ಸ್ವಿಫ್ಟ್ ಪಾದ್ರಿ. 1710ರಿಂದ 1713ರವರೆಗೆ ಲಂಡನ್ನಿನಲ್ಲಿದ್ದಾಗ ಡಬ್ಲಿನ್‌ನಲ್ಲಿದ್ದ ಇಬ್ಬರು ಗೆಳತಿಯರಿಗೆ ದಿನಚರಿಯಂತೆ ಪತ್ರ ಬರೆಯುತ್ತಿದ್ದರು. ಅದರಲ್ಲೊಂದು ಕಡೆ, ಇವತ್ತು ನಡೆಯುವಾಗ ‘ಬ್ಲಡಿ’ ಸೆಕೆ ಎಂದು ಬರೆಯುತ್ತಾರೆ. ಗಮನಿಸಿ, ಬರೆದವರು ಧರ್ಮಬೋಧಕರು, ಓದಿದವರು ಮನೆವಂತ ಹೆಂಗಸರು. ಯಾರಿಗೂ ಮುಖ ಕೆಂಪಾಗಲಿಲ್ಲ. ನಮ್ಮಲ್ಲಿ ಒಬ್ಬ ಪುರೋಹಿತರು ‘ರಣಬಿಸಿಲು’ ಎಂದು ಕಾಗದ ಬರೆದಷ್ಟೇ ಸಹಜ.

ಅದೇ ಪದ ಮುಂದಿನ ನೂರು ವರ್ಷಗಳಲ್ಲಿ ಜಾತಿ ಕೆಟ್ಟಿತು. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬಾತ ಬೀದಿಮಾತಿನ ನಿಘಂಟು ಹೊರತಂದ. ಅದರಲ್ಲಿ ‘ಬ್ಲಡಿ’ ಎಂದರೆ ಕಳ್ಳರು ಬೈಯುವಾಗ ಬಳಸುವ ಮೆಚ್ಚಿನ ಪದ ಎಂದಿದೆ. ಕೊಟ್ಟ ಎರಡು ಉದಾಹರಣೆಗಳಲ್ಲಿ ಒಂದು ಯಾವುದು ಹೇಳಿ ನೋಡೋಣ. ‘ಬ್ಲಡಿ ರಾಸ್ಕಲ್’! ಲಂಡನ್ನಿನ ಕಳ್ಳರ ಸೊತ್ತು ಮೆಜೆಸ್ಟಿಕ್ ಬಸ್ ನಿಲ್ದಾಣದವರೆಗೆ ಒಂದಕ್ಷರವೂ ಕೆಡದೆ ಬಂದು ತಲುಪಿದೆ. ಅದರ ಮುಂದಿನ ಮೆಟ್ಟಿಲು 1887. ಆಕ್ಸ್‌ಫರ್ಡ್ ನಿಘಂಟಿನ ಆ ಭಾಗ ಅಚ್ಚಾದಾಗ ಸಂಪಾದಕರು ಈ ಪದದ ಕೆಳಗೆ ಟಿಪ್ಪಣಿ ಬರೆದರು: ತೀರ ಕೆಳಸ್ತರದ ಜನರ ಬಾಯಲ್ಲಿ ಇದು ಸದಾ ಇರುತ್ತದೆ, ಮರ್ಯಾದಸ್ಥರು ಇದನ್ನು ಅಸಹ್ಯ ಪದವೆಂದು, ಅಶ್ಲೀಲಕ್ಕೂ ದೇವನಿಂದೆಗೂ ಸಮವೆಂದು ಎಣಿಸುತ್ತಾರೆ, ಪತ್ರಿಕೆಗಳು ಮೊದಲ ಅಕ್ಷರ, ಕೊನೆಯ ಅಕ್ಷರ ಇಟ್ಟು ನಡುವೆ ಗೆರೆ ಎಳೆಯುತ್ತವೆ ಎಂದು.

ಇದನ್ನು ಎರಡು ಸಲ ಓದಿದರೆ ಗುಟ್ಟು ಹೊರಬೀಳುತ್ತದೆ. ಪದದ ಅರ್ಥದಲ್ಲಿ ಇಂಥ ಹೊಲಸಿದೆ ಎಂದು ಆ ಸಂಪಾದಕರು ಹೇಳುತ್ತಿಲ್ಲ. ಯಾರ ಬಾಯಲ್ಲಿ ಇದೆ ಎಂಬುದನ್ನೇ ಹೇಳುತ್ತಿದ್ದಾರೆ. ಮಡಿ-ಮೈಲಿಗೆಯ ಲೆಕ್ಕ ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಮುಟ್ಟಿದವನು ಯಾರು ಎಂಬುದರ ಮೇಲೆ ನೀರು ಮೈಲಿಗೆಯಾಗುತ್ತಿತ್ತು. ಆಡಿದವನು ಯಾರು ಎಂಬುದರ ಮೇಲೆ ಪದ ಮೈಲಿಗೆಯಾಯಿತು. ಹೆಂಡದಂಗಡಿಯ ಶ್ರೀಮಂತ ಪುಂಡ ಆಡಿದಾಗ ಅದು ಮೋಜು, ಬಂದರಿನ ಹಮಾಲ ಆಡಿದಾಗ ಅದೇ ಅಸಹ್ಯ.

ಅದೇ 1887ರ ಜನವರಿಯಲ್ಲಿ ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ ಒಂದು ಸಂಗೀತ ನಾಟಕ ಬಂದಿತು. ಹೆಸರು ‘ರಡ್ಡಿಗೋರ್’. ರಡಿ ಎಂದರೆ ಕೆಂಪು ಛಾಯೆಯ ಎಂದು ಅರ್ಥ, ಆದರೆ ‘ಬ್ಲಡಿ’ ಎನ್ನಲು ಹೆದರುವವರು ಅದರ ಬದಲಿಗೆ ‘ರಡಿ’ ಎನ್ನುತ್ತಿದ್ದರು. ಹಾಗಾಗಿ ಹೆಸರು ಕೇಳಿ ಸಭ್ಯರು ಮೂಗು ಮುರಿದರು. ಕೆಲವೇ ದಿನಗಳಲ್ಲಿ ಹೆಸರಿನ ಕಾಗುಣಿತದಲ್ಲಿ ಒಂದು ಅಕ್ಷರ ಬದಲಾಯಿಸಿ ಸಮಾಧಾನ ಮಾಡಿದರು. ಕನ್ನಡದಲ್ಲಿ ಬರೆದರೆ ಹಳೆಯದೂ ಹೊಸದೂ ಒಂದೇ, ಉಚ್ಚಾರವೂ ಒಂದೇ, ಆದರೂ ಮರ್ಯಾದೆ ಉಳಿಯಿತಂತೆ! ‘ರಡಿ’, ‘ಬ್ಲಡಿ’ ಎರಡೂ ಒಂದೇ ಅಲ್ಲವೇ ಎಂದು ಯಾರೋ ಗಿಲ್ಬರ್ಟನನ್ನು ಕೆಣಕಿದರೆಂದೂ ಅವನು ಉತ್ತರ ಕೊಟ್ಟನೆಂದೂ ಒಂದು ಕತೆ ಇದೆ. ‘ನಿಮ್ಮ ರಡಿ ಮುಖವನ್ನು ಮೆಚ್ಚಿದೆ ಎಂದು ನಾನು ಹೇಳಿದರೆ, ಅದು ನಿಜವೇ, ನಿಮ್ಮ ಬ್ಲಡಿ ಚೀಕ್ ಮೆಚ್ಚಿದೆ ಎಂದು ನೀವು ತಿಳಿದರೆ, ಅದು ಮಾತ್ರ ಸುಳ್ಳು.’ ಚೀಕ್ ಎಂದರೆ ಕೆನ್ನೆಯೂ ಹೌದು, ಸೊಕ್ಕೂ ಹೌದು. ಇಂಥದ್ದನ್ನು ಅನುವಾದಿಸುವವನಿಗೆ ದೇವರೇ ಗತಿ.

ಇಷ್ಟು ಹೆದರಿಕೆ ಇಂಗ್ಲೆಂಡಿನ ದಿವಾನಖಾನೆಗಳಲ್ಲಿದ್ದಾಗ ಆಸ್ಟ್ರೇಲಿಯಾದಲ್ಲಿ ಏನಾಗುತ್ತಿತ್ತು? ಅಲ್ಲಿಗೆ ಬ್ರಿಟನ್ ತನ್ನ ಕೈದಿಗಳನ್ನು ಹಡಗಿನಲ್ಲಿ ತುಂಬಿ ಕಳಿಸಿತ್ತಲ್ಲ. ಅವರ ಜೊತೆ ಈ ಪದವೂ ಹೋಗಿ ಅಲ್ಲಿ ಪಟ್ಟಕ್ಕೇರಿತು. ಅಲೆಗ್ಸಾಂಡರ್ ಮಾರ್ಜೊರಿಬ್ಯಾಂಕ್ಸ್ ಎಂಬ ಪ್ರವಾಸಿ 1847ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಅದ್ಭುತ ಲೆಕ್ಕವಿದೆ. ಒಬ್ಬ ಎತ್ತಿನ ಗಾಡಿಯವನ ಮಾತಿಗೆ ಈತ ಕಿವಿಗೊಟ್ಟು ಎಣಿಸಿದ. ಕಾಲು ಗಂಟೆಯಲ್ಲಿ 25 ಸಲ ಆ ಪದ ಬಂದಿತು. ದಿನಕ್ಕೆ ಎಂಟು ಗಂಟೆ ನಿದ್ರೆ, ಆರು ಗಂಟೆ ಮೌನ, ಹತ್ತು ಗಂಟೆ ಮಾತು. ಇಪ್ಪತ್ತರಿಂದ ಎಪ್ಪತ್ತನೆಯ ವಯಸ್ಸಿನವರೆಗೆ ಹೀಗೇ ಮಾತಾಡಿದರೆ ಆತ ಒಟ್ಟು 1,82,00,000 ಸಲ ಈ ಅಸಹ್ಯ ಪದವನ್ನು ಆಡಿರುತ್ತಾನೆ ಎಂದು ತೀರ್ಮಾನಿಸಿದ. ರೈಟರ್ ಮಗನಾದ ನಾನು ಲೆಕ್ಕವನ್ನು ಪರೀಕ್ಷಿಸದೆ ಬಿಡುತ್ತೇನೆಯೇ? ವರ್ಷಕ್ಕೆ 365 ದಿನ ಹಿಡಿದರೆ ಐವತ್ತು ಸಾವಿರ ಹೆಚ್ಚು ಬರುತ್ತದೆ. ವಾರಕ್ಕೆ ಏಳರಂತೆ 52 ವಾರ, 364 ದಿನ ಹಿಡಿದರೆ ಸರಿಯಾಗಿ ಕೂಡುತ್ತದೆ. ಆ ಉಳಿದ ಒಂದು ದಿನ ಗಾಡಿಯವನು ಮೌನವ್ರತ ಮಾಡಿದ್ದನೆಂದು ಇಟ್ಟುಕೊಳ್ಳೋಣ.

ಮುಂದೆ ಇದನ್ನು ‘ಮಹಾ ಆಸ್ಟ್ರೇಲಿಯನ್ ವಿಶೇಷಣ’ ಎಂದೇ ಕರೆದರು. 2006ರಲ್ಲಿ ಆ ದೇಶದ ಪ್ರವಾಸೋದ್ಯಮ ಸಂಸ್ಥೆ ಜಗತ್ತಿಗೆಲ್ಲ ಜಾಹೀರಾತು ಕೊಟ್ಟಾಗ, ಎಲ್ಲ ಸಿದ್ಧವಾಗಿದೆ, ನೀವು ‘ಬ್ಲಡಿ ಹೆಲ್’ ಎಲ್ಲಿದ್ದೀರಿ ಎಂದು ಕೇಳಿತು. ಬ್ರಿಟನ್ನಿನಲ್ಲಿ ಟಿ.ವಿ. ಜಾಹೀರಾತುಗಳಿಗೆ ಒಪ್ಪಿಗೆ ಕೊಡುವವರು ಆ ಪದವಿದ್ದರೆ ಬೇಡ ಎಂದರು. ಆಸ್ಟ್ರೇಲಿಯಾದ ಪ್ರವಾಸೋದ್ಯಮ ಸಚಿವೆಯೇ ಲಂಡನ್ನಿಗೆ ಹೋದರು, ಕೊನೆಗೆ ಅಡ್ಡಿ ತೆಗೆದರು. ಗಾಡಿಯವನ ಪದಕ್ಕೆ ಸಚಿವರ ವಕಾಲತ್ತು ದೊರೆತಂತಾಯಿತು.

ಈಗ 1914ಕ್ಕೆ ಬನ್ನಿ. ನನಗೆ ಇದರಲ್ಲೆಲ್ಲ ತುಂಬ ಪ್ರಿಯವಾದ ಸಂಜೆ ಅದು. ಏಪ್ರಿಲ್ 11, ಲಂಡನ್ನಿನ ಹಿಸ್ ಮೆಜೆಸ್ಟಿಸ್ ರಂಗಮಂದಿರ, ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’. ಕತೆ ನಿಮಗೆ ಗೊತ್ತಿದೆ. ಬೀದಿಯಲ್ಲಿ ಹೂ ಮಾರುವ ಎಲೈಜಾಳಿಗೆ ಧ್ವನಿಶಾಸ್ತ್ರದ ಪ್ರೊಫೆಸರ್ ಹಿಗಿನ್ಸ್ ಶ್ರೀಮಂತರ ಉಚ್ಚಾರ ಕಲಿಸುತ್ತಾನೆ. ಪರೀಕ್ಷೆಗೆಂದು ತನ್ನ ತಾಯಿಯ ಮನೆಗೆ ಅವಳನ್ನು ಕರೆತರುತ್ತಾನೆ. ಅಲ್ಲಿ ಅವಳು ಪ್ರತಿ ಸ್ವರವನ್ನೂ ಬೆಳ್ಳಿ ತಟ್ಟೆಯಲ್ಲಿಟ್ಟು ಕೊಟ್ಟಂತೆ ಮಾತಾಡುತ್ತಾಳೆ. ಹೊರಡುವಾಗ ಒಬ್ಬ ಯುವಕ, ಪಾರ್ಕಿನ ಮೂಲಕ ನಡೆದು ಹೋಗುತ್ತೀರಾ ಎಂದು ಕೇಳುತ್ತಾನೆ. ಅವಳು ಅದೇ ನಿರ್ದೋಷ ಉಚ್ಚಾರದಲ್ಲಿ ಹೇಳುತ್ತಾಳೆ: ‘ನಡೆಯುವುದೇ! ನಾಟ್ ಬ್ಲಡಿ ಲೈಕ್ಲಿ. ನಾನು ಟ್ಯಾಕ್ಸಿಯಲ್ಲಿ ಹೋಗುತ್ತೇನೆ.’

ಬ್ರಿಟನ್ನಿನಲ್ಲಿ ಆಗ ಪ್ರತಿ ನಾಟಕಕ್ಕೂ ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನರ ಪರವಾನಗಿ ಬೇಕಿತ್ತು. ಆ ಪದ್ಧತಿ 1968ರವರೆಗೆ ನಡೆಯಿತು. ಹಸ್ತಪ್ರತಿ ಓದಿದ ಪರೀಕ್ಷಕರು, ಇಲ್ಲಿ ಪದ ಕೋಪದಿಂದ ಬಂದಿಲ್ಲ, ಬರೀ ತಮಾಷೆಗೆ ಬಂದಿದೆ ಎಂದು ಬಿಟ್ಟುಕೊಟ್ಟರು. ಎಲೈಜಾ ಪಾತ್ರ ಮಾಡಿದ ಶ್ರೀಮತಿ ಪ್ಯಾಟ್ರಿಕ್ ಕ್ಯಾಂಪ್‌ಬೆಲ್ ಅವರಿಗೆ ಆಗ 49 ವರ್ಷ. ಹದಿನೆಂಟರ ಹುಡುಗಿಯಾಗಿ ನಿಂತಿದ್ದರು. ಆ ಮಾತು ಬಿದ್ದಾಗ ಸಭೆ ನಕ್ಕ ನಗೆ ಒಂದು ನಿಮಿಷ ದಾಟಿತು, ರಂಗದ ಹಿಂದೆ ಸ್ಟಾಪ್‌ವಾಚ್ ಹಿಡಿದು ಅಳೆದರಂತೆ.

ಅವರು ನಕ್ಕದ್ದು ಯಾವುದಕ್ಕೆ? ಕೊಳಕು ಮಾತು ಕೇಳಿದ್ದಕ್ಕಲ್ಲ, ಅದನ್ನು ಅವರು ಬೀದಿಯಲ್ಲಿ ದಿನವೂ ಕೇಳುತ್ತಿದ್ದರು. ಮೇಲಿನವರ ಉಚ್ಚಾರ, ಕೆಳಗಿನವರ ಪದ, ಎರಡೂ ಒಂದೇ ನಾಲಿಗೆಯ ಮೇಲೆ ಅಕ್ಕಪಕ್ಕ ಕುಳಿತದ್ದಕ್ಕೆ. ಹಿಗಿನ್ಸ್ ಅವಳ ಸ್ವರಗಳನ್ನು ತಿದ್ದಿದ್ದ, ಪದಗಳನ್ನು ತಿದ್ದಲು ಮರೆತಿದ್ದ. ಅದಾದ ಮೇಲೆ ಲಂಡನ್ನಿನಲ್ಲಿ ಒಂದು ಹೊಸ ಚೇಷ್ಟೆ ಹುಟ್ಟಿತು. ‘ಬ್ಲಡಿ’ ಎನ್ನಲು ಹಿಂಜರಿಯುವವರು ‘ನಾಟ್ ಪಿಗ್ಮೇಲಿಯನ್ ಲೈಕ್ಲಿ’ ಎನ್ನತೊಡಗಿದರು. ನಾಟಕದ ಹೆಸರೇ ಬೈಗುಳದ ಮುಸುಕಾಯಿತು! 1956ರಲ್ಲಿ ಇದೇ ಕತೆ ‘ಮೈ ಫೇರ್ ಲೇಡಿ’ ಎಂಬ ಸಂಗೀತ ನಾಟಕವಾದಾಗ ‘ಬ್ಲಡಿ’ಯಿಂದ ಯಾರೂ ಬೆಚ್ಚುವ ಹಾಗಿರಲಿಲ್ಲ. ಅಲ್ಲಿ ಎಲೈಜಾ ಕುದುರೆ ಪಂದ್ಯದ ಮೈದಾನದಲ್ಲಿ ದೇಹದ ಹಿಂಭಾಗವನ್ನು ಹೆಸರಿಸಿ ಕೂಗಬೇಕಾಯಿತು. 1989ರಲ್ಲಂತೂ ಯುವರಾಜ ಚಾರ್ಲ್ಸ್ ಅವರೇ, ಶಾಲೆಗಳಲ್ಲಿ ಇಂಗ್ಲಿಷನ್ನು ‘ಬ್ಲಡಿ’ ಕೆಟ್ಟದಾಗಿ ಕಲಿಸುತ್ತಾರೆ ಎಂದು ಬಹಿರಂಗವಾಗಿ ದೂರಿದರು. ಅಮೆರಿಕದವರಿಗೆ ಇದು ಎಂದೂ ಬೈಗುಳವಾಗಿ ಹತ್ತಲೇ ಇಲ್ಲ, ಇಂಗ್ಲಿಷರನ್ನು ಅಣಕಿಸುವಾಗ ಆಡುವ ಪದ ಅವರಿಗೆ.

ವ್ಯಾಕರಣಪ್ರಿಯರಿಗಾಗಿ ಒಂದು ಮಾತು, ಉಳಿದವರು ಎರಡು ನಿಮಿಷ ಕಾಫಿಯ ಬಗ್ಗೆ ಯೋಚಿಸಬಹುದು. ಈ ಪದ ಇನ್ನೊಂದು ಪದದ ಹೊಟ್ಟೆ ಸೀಳಿ ಒಳಗೆ ಕೂರಬಲ್ಲದು. ‘ಆಬ್ಸೊಲೂಟ್ಲಿ’ ಎಂಬುದು ‘ಆಬ್ಸೊ-ಬ್ಲಡಿ-ಲೂಟ್ಲಿ’ ಆಗುತ್ತದೆ. ‘ಫ್ಯಾಂಟಾಸ್ಟಿಕ್’ ಎಂಬುದು ‘ಫ್ಯಾನ್-ಬ್ಲಡಿ-ಟಾಸ್ಟಿಕ್’. ಎಲ್ಲಿ ಬೇಕಾದರೂ ಸೀಳುವ ಹಾಗಿಲ್ಲ. ಪದದಲ್ಲಿ ಒತ್ತು ಬೀಳುವ ಅಕ್ಷರಕ್ಕೆ ಮೊದಲೇ ಕೂರಬೇಕು. ‘ಫ್ಯಾಂಟಾಸ್-ಬ್ಲಡಿ-ಟಿಕ್’ ಎಂದು ಯಾವ ಇಂಗ್ಲಿಷ್ ಮಗುವೂ ಹೇಳುವುದಿಲ್ಲ. ಯಾರೂ ಕಲಿಸಿಲ್ಲ, ಎಲ್ಲರಿಗೂ ಗೊತ್ತು. ಕನ್ನಡ ಪದದ ಹೊಟ್ಟೆ ಸೀಳುವುದಿಲ್ಲ, ತಲೆಯನ್ನು ಮಡಚಿ ಎರಡು ಮಾಡುತ್ತದೆ. ನಡುವಿನ ನಟ್ಟನಡು, ಕಡೆಯ ಕಟ್ಟಕಡೆ, ತುದಿಯ ತುತ್ತತುದಿ, ಬಯಲಿನ ಬಟ್ಟಬಯಲು. ಶಾಲೆಯಲ್ಲಿ ದ್ವಿರುಕ್ತಿ ಎಂದು ಬಾಯಿಪಾಠ ಮಾಡಿದ್ದೀರಿ. ಮಾತಿಗೆ ಬಿಸಿ ಏರಿಸಲು ಬೈಗುಳವೇ ಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ನಮ್ಮ ದೇಶಕ್ಕೆ ಬಂದಾಗ ಈ ಪದಕ್ಕೆ ಏನಾಯಿತು? ಇಲ್ಲಿ ಕತೆ ತಲೆಕೆಳಗಾಗುತ್ತದೆ. ಇಂಗ್ಲೆಂಡಿನಲ್ಲಿ ಅದು ಕಳ್ಳರ, ಹಮಾಲರ ಬಾಯಿಗೆ ಇಳಿದ ಮೇಲೆ ಕೆಳಗಿನಿಂದ ಮೇಲಕ್ಕೆ ಏರಿದ ಪದ. ನಮ್ಮಲ್ಲಿ ಮೇಲಿನಿಂದ ಕೆಳಕ್ಕೆ ಬಿದ್ದ ಪದ. ಕುದುರೆ ಮೇಲಿನ ದೊರೆ ನೆಲದ ಮೇಲಿನ ಆಳಿಗೆ, ದಂಡಿನ ಅಧಿಕಾರಿ ಸಿಪಾಯಿಗೆ, ಬಂಗಲೆಯ ಸಾಹೇಬ ಬಟ್ಲರನಿಗೆ ಆಡಿದ ಪದ. ಲಂಡನ್ನಿನ ಹಮಾಲನ ಬಾಯಲ್ಲಿ ಅದು ಮಳೆಗೂ ಬೂಟಿಗೂ ಬಿಯರಿಗೂ ಅಂಟುತ್ತಿತ್ತು, ಯಾರನ್ನೂ ನೋಯಿಸಬೇಕೆಂದೇನೂ ಇರಲಿಲ್ಲ. ನಮ್ಮಲ್ಲಿ ಅದು ವಸ್ತುಗಳಿಗೆ ಅಂಟುವುದು ಕಡಿಮೆ, ಮನುಷ್ಯರಿಗೇ ಗುರಿಯಿಡುತ್ತದೆ. ‘ಬ್ಲಡಿ ಮಳೆ’ ಎಂದು ಕನ್ನಡಿಗರು ಹೇಳಿದ್ದನ್ನು ನಾನು ಕೇಳಿಲ್ಲ. ಮುಂದೆ ನಾಮಪದವೇ ಇಲ್ಲದೆ, ಬೆರಳು ತೋರಿಸಿ ಬರೀ ‘ಬ್ಲಡಿ!’ ಎಂದು ನಿಲ್ಲಿಸುವುದನ್ನು ಕೇಳಿದ್ದೇನೆ. ವಿಶೇಷಣಕ್ಕೆ ವಿಶೇಷ್ಯ ಎದುರಿಗೇ ನಿಂತಿರುವಾಗ ಹೆಸರು ಯಾಕೆ ಬೇಕು?

ತಂದೆಯವರ ತೋಟದಲ್ಲಿ ಇಂಗ್ಲಿಷ್ ದೊರೆ ಹೋದ ಮೇಲೆ ನಮ್ಮವರೇ ಒಬ್ಬರು ಮ್ಯಾನೇಜರಾಗಿ ಬಂದರು. ಬಂಗಲೆ, ನಾಯಿ, ಸಂಜೆಯ ಕುರ್ಚಿ, ಜೊತೆಗೆ ಆ ಪದ, ನಾಲ್ಕನ್ನೂ ವಶಕ್ಕೆ ತೆಗೆದುಕೊಂಡರು. ಕನ್ನಡದಲ್ಲಿ ಬೈದರೆ ಆಳುಗಳು ತಿರುಗಿ ಬೈಯುತ್ತಿದ್ದರು, ಆ ವಿದ್ಯೆಯಲ್ಲಿ ಅವರನ್ನು ಗೆಲ್ಲುವವರು ಯಾರೂ ಇರಲಿಲ್ಲ. ಇಂಗ್ಲಿಷಿನಲ್ಲಿ ಬೈದರೆ ಉತ್ತರ ಬರುತ್ತಿರಲಿಲ್ಲ. ತಂದೆ ಇದನ್ನು ಹೇಳಿದ್ದು ನಿವೃತ್ತರಾದ ಮೇಲೆ, ಅದೂ ಒಂದೇ ಸಲ.

ಹಾಗಿದ್ದರೆ ‘ಬ್ಲಡಿ’ಗೆ ಕನ್ನಡದಲ್ಲಿ ಏನು ಹೇಳಬೇಕು? ‘ಹಾಳಾದ’, ‘ಸುಡುಗಾಡು’, ‘ದರಿದ್ರ’, ಈ ಮೂರೂ ಅದರ ಕೆಲಸವನ್ನು ಮಾಡುತ್ತವೆ. ‘ಹಾಳಾದ ಮಳೆ’ ಎಂದಾಗ ಮಳೆ ಹಾಳಾಗಿರುವುದಿಲ್ಲ, ‘ಸುಡುಗಾಡು ಬಸ್ಸು’ ಸ್ಮಶಾನಕ್ಕೆ ಹೋಗುವುದಿಲ್ಲ. ಎಲೈಜಾಳ ಮಾತನ್ನು ಕನ್ನಡಕ್ಕೆ ತನ್ನಿ ಎಂದು ನಾನು ಪ್ರತಿ ವರ್ಷ ತರಗತಿಗೆ ಹೇಳುತ್ತಿದ್ದೆ. ಶರತ್ತು ಒಂದೇ: ಉಚ್ಚಾರ ಆಕಾಶವಾಣಿಯ ವಾರ್ತೆಯಂತಿರಬೇಕು, ಪದ ಸಂತೆಯದಾಗಿರಬೇಕು. ‘ಖಂಡಿತ ಇಲ್ಲ’ ಎಂದು ಮುಂದಿನ ಬೆಂಚಿನವರು ಹೇಳುತ್ತಿದ್ದರು. ಸಪ್ಪೆ. ‘ಯಾವ ಕರ್ಮಕ್ಕೆ?’ ಎಂದು ಒಬ್ಬ ಹೇಳಿದ. ಪರವಾಗಿಲ್ಲ, ಆದರೆ ಅದು ಅಗ್ರಹಾರದ ಕರ್ಮ, ಬೀದಿಯದಲ್ಲ. ಕೊನೆಗೆ ಒಂದು ವರ್ಷ ಹಾವೇರಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು, ವಾರ್ತೆ ಓದುವವರ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: “ನಡೆದುಕೊಂಡು ಹೋಗುವುದೇ? ಸುಡುಗಾಡು. ನಾನು ಟ್ಯಾಕ್ಸಿಯಲ್ಲಿ ಹೋಗುತ್ತೇನೆ.”

ಹಿಂದಿನ ಬೆಂಚಿನವರು ಮೇಜು ಕುಟ್ಟಿ ನಕ್ಕರು, ಪಕ್ಕದ ಕೋಣೆಯ ಅಧ್ಯಾಪಕರು ಬಾಗಿಲಿಗೆ ಬಂದು ಇಣುಕಿದರು. ನನ್ನ ಹತ್ತಿರ ಸ್ಟಾಪ್‌ವಾಚ್ ಇರಲಿಲ್ಲ.